ಚಿಗುರದ ಕೋಲು

ನಮ್ಮ ನಡುಮನೆಯ ಮೂಲೆಯಲ್ಲಿ ಐದು ಕೋಲುಗಳಿದ್ದವು. ಅವುಗಳಲ್ಲಿ ಒಂದನ್ನಾದರೂ ಊರಿಕೊಂಡು ನಡೆಯುವವರು ಮನೆಯಲ್ಲಿ ಯಾರೂ ಇರಲಿಲ್ಲ. ಕತ್ರಿಗುಪ್ಪೆಯಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳು ಹೆಚ್ಚು. ನಮ್ಮದು ಪುಟ್ಟಸ್ವಾಮಿ ಗೌಡರ ವಠಾರದ ಕೊನೆಯ ಮನೆ. ಗೌಡರು ಅದೇ ನೆಲದಲ್ಲಿ ರಾಗಿ ಬೆಳೆಯುತ್ತಿದ್ದವರು, ಆಮೇಲೆ ಸಾಲಾಗಿ ನಾಲ್ಕು ಮನೆ ಕಟ್ಟಿ ಬಾಡಿಗೆಗೆ ಕೊಟ್ಟಿದ್ದರು. ಬಾಗಿಲು ತೆಗೆದರೆ ನಡುಮನೆ, ಎಡಕ್ಕೆ ಅಡುಗೆಮನೆ, ಬಲಕ್ಕೆ ಅಪ್ಪ ಅಮ್ಮನ ರೂಮು, ಬಚ್ಚಲು ಹಿತ್ತಲಲ್ಲಿ. ಅಜ್ಜಿ ಮತ್ತು ನಾನು ನಡುಮನೆಯಲ್ಲೇ ಮಲಗುತ್ತಿದ್ದೆವು, ಅಜ್ಜಿ ಮಂಚದ ಮೇಲೆ, ನಾನು ಕೆಳಗೆ ಚಾಪೆಯ ಮೇಲೆ. ಬೆಳಗ್ಗೆ ಕಣ್ಣು ಬಿಟ್ಟರೆ ನಮ್ಮಿಬ್ಬರಿಗೂ ಮೊದಲು ಕಾಣುತ್ತಿದ್ದದ್ದು ಆ ಐದು ಕೋಲು. ಮನೆಗೆ ಬಂದವರೆಲ್ಲ ಇಷ್ಟೊಂದು ಕೋಲು ಯಾಕೆ ಎಂದು ಕೇಳುತ್ತಿದ್ದರು. ಅಪ್ಪ ಆ ಪ್ರಶ್ನೆಗೇ ಕಾದಿದ್ದವರಂತೆ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು. ಬಂದವರು ಬೇಗ ಏಳುವುದಿಲ್ಲ ಎಂದು ಗೊತ್ತಾಗಿ ಅಮ್ಮ ಕಾಫಿಯ ಜೊತೆಗೆ ಉಪ್ಪಿಟ್ಟಿಗೂ ರವೆ ಹುರಿಯಲು ಇಡುತ್ತಿದ್ದಳು.

ಅಪ್ಪ ವಾರದಲ್ಲಿ ಆರು ದಿನ ಒಂದು ಕಾರ್ಖಾನೆಯ ಲೇತ್ ಮೆಷಿನ್ ಮುಂದೆ ನಿಲ್ಲುತ್ತಿದ್ದರು. ಏಳನೆಯ ದಿನ ಜಯನಗರದ ನಮ್ಮ ಚರ್ಚಿನ ಸಂಡೇಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದರು. ಅವರ ನಿಜವಾದ ಕೆಲಸ ಇದು, ಆ ಆರು ದಿನದ್ದು ಹೊಟ್ಟೆಪಾಡು ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಚಿಕ್ಕಂದಿನಲ್ಲೇ ಊರು ಬಿಟ್ಟು ಮಿಷನ್ ಹಾಸ್ಟೆಲಿನಲ್ಲಿ ಬೆಳೆದವರು ಅವರು. ಅಲ್ಲಿ ಕಲಿತದ್ದು ಎರಡು: ಇಸ್ತ್ರಿ ಹಾಕಿದ ಶರ್ಟು ತೊಡುವುದು, ಸತ್ಯವೇದದಲ್ಲಿ ಬರುವ ವಸ್ತುಗಳ ಹಿಂದೆ ಬೀಳುವುದು. ಒಂದು ವರ್ಷ ಮಣ್ಣಿನ ದೀಪಗಳು ಬಂದವು, ಒಂದು ವರ್ಷ ಬೀಸುವ ಕಲ್ಲು ಬಂತು, ಅದರ ಮೇಲೆ ಎಡವಿ ನನ್ನ ಕಾಲ್ಬೆರಳಿನ ಉಗುರು ಹೋಯಿತು. ಕೋಲುಗಳು ಬಂದವು, ಬಂದ ಮೇಲೆ ಹೋಗಲೇ ಇಲ್ಲ. ಮೊದಲನೆಯದು ಗಟ್ಟಿ ಬಿದಿರಿನದು, ಉದ್ದ, ಎಣ್ಣೆ ಕುಡಿದು ಕಪ್ಪಾದದ್ದು. ಬನಶಂಕರಿಯ ಆಚೆ ಕುರಿ ಮೇಯಿಸುತ್ತಿದ್ದವನ ಬೆನ್ನು ಬಿದ್ದು ಅಪ್ಪ ಅದನ್ನು ಕೊಂಡಿದ್ದರು. ಎರಡನೆಯದು ಮೊಳದುದ್ದದ ದೊಣ್ಣೆ, ತಲೆಯಲ್ಲಿ ಮೊಳೆ ಬಡಿದದ್ದು. ಕುರುಬ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದ, ತೋಳ ಬಂದರೆ ಅದರಿಂದ ಹೊಡೆಯುತ್ತಿದ್ದ ಎಂದು ಅಪ್ಪ ಹೇಳುತ್ತಿದ್ದರು. ಮೂರನೆಯದು ದಾರಿ ನಡೆಯುವವನ ಕೋಲು. ನಾಲ್ಕನೆಯದು ರಾಜದಂಡ, ಅದು ಪರದೆ ಕಟ್ಟುವ ಸರಳಿಗೆ ಚಿನ್ನದ ಬಣ್ಣದ ಕಾಗದ ಸುತ್ತಿದ್ದು ಎಂದು ಮಕ್ಕಳೆಲ್ಲರಿಗೂ ಗೊತ್ತಿತ್ತು, ಯಾರೂ ಹೇಳುತ್ತಿರಲಿಲ್ಲ. ಐದನೆಯದು ಮುದುಕ ಯಾಕೋಬ ಊರಿಕೊಂಡು ಪ್ರಾರ್ಥನೆ ಮಾಡಿದ ಕೋಲು, ಅಂದರೆ ಅಂಗಡಿಯಲ್ಲಿ ಸಿಗುವ ಬಾಗಿದ ಹಿಡಿಯ ಊರುಗೋಲು.

ಅಪ್ಪ ಹೇಳುತ್ತಿದ್ದದ್ದು ಇಷ್ಟು. ಆ ಕಾಲದ ಮನುಷ್ಯ ಮನೆಯಿಂದ ಹೊರಟರೆ ಕೈಯಲ್ಲಿ ಕೋಲು ಇದ್ದೇ ಇರುತ್ತಿತ್ತು. ಅದೇ ಆಯುಧ, ಅದೇ ಗುರುತು, ಓದು ಬರಹ ಬಾರದವನಿಗೆ ಅದೇ ಸಹಿ. ಯೂದ ತನ್ನ ಕೋಲನ್ನು ಒತ್ತೆಯಿಟ್ಟ ಕಥೆಯನ್ನು ಹೇಳುತ್ತಿದ್ದರು. ಯಾರ ಹತ್ತಿರ, ಯಾಕೆ ಎಂದು ಮಕ್ಕಳು ಕೇಳಿದರೆ ಮುಂದಿನ ಕೋಲಿಗೆ ಹೋಗಿಬಿಡುತ್ತಿದ್ದರು. ಮೋಶೆ ತನ್ನ ಕೋಲಿನಿಂದ ಸಮುದ್ರ ಸೀಳಿದ. ನೀರು ಬರಲು ಬಂಡೆಯೊಂದಿಗೆ ಮಾತಾಡು ಎಂದು ದೇವರು ಹೇಳಿದಾಗ ಸಿಟ್ಟಿನಲ್ಲಿ ಅದೇ ಕೋಲಿನಿಂದ ಬಂಡೆಗೆ ಹೊಡೆದ, ಅದಕ್ಕೇ ಅವನಿಗೆ ವಾಗ್ದಾನದ ದೇಶ ಸಿಗಲಿಲ್ಲ. ಶನಿವಾರ ಸಂಜೆ ಇವೆಲ್ಲದರ ರಿಹರ್ಸಲ್ ನಡುಮನೆಯಲ್ಲೇ ಆಗುತ್ತಿತ್ತು. ನಾನು ತೋಳ, ಕೆಲವೊಮ್ಮೆ ಕುರಿ. ಒಂದು ಸಲ ಅಪ್ಪ ತೋಳವನ್ನು ಓಡಿಸುವ ಭರದಲ್ಲಿ ಟ್ಯೂಬ್‌ಲೈಟ್ ಒಡೆದರು. ಅಮ್ಮ ಗಾಜು ಗುಡಿಸಿದಳು, ಮಾರನೆಯ ದಿನದ ಮಟನ್ ಸಾರಿಗೆ ಉಪ್ಪು ಜಾಸ್ತಿ ಹಾಕಿದಳು. ಅಜ್ಜಿ ಈ ಎಲ್ಲ ನಾಟಕವನ್ನೂ ಮಂಚದ ಮೇಲೆ ಕೂತು, ಎಲೆ ಅಡಿಕೆ ಜಗಿಯುತ್ತ ನೋಡುತ್ತಿದ್ದಳು. ನಗುತ್ತಿರಲಿಲ್ಲ. ಅವಳಿಗೆ ಕಥೆ ಅರ್ಥವಾಗುವುದಿಲ್ಲ ಎಂದು ನಾನು ತಿಳಿದುಕೊಂಡಿದ್ದೆ. ಹನ್ನೊಂದು ವರ್ಷದವಳಿಗೆ ಎಷ್ಟು ಬುದ್ಧಿ ಇರಬೇಕೋ ಅಷ್ಟೇ ನನಗಿತ್ತು.

ಆ ವರ್ಷ ಕ್ರಿಸ್‌ಮಸ್ ಕಳೆದ ಮೇಲೆ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದಳು. ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ಸ್ಕ್ರೂ ಹಾಕಿ ಕೂರಿಸಿದರು. ಅಮ್ಮ ಜಯನಗರದ ಒಂದು ನರ್ಸಿಂಗ್ ಹೋಮಿನಲ್ಲಿ ನರ್ಸು, ಆದ್ದರಿಂದ ಮನೆಯಲ್ಲಿ ಡಾಕ್ಟರ ಮಾತಿಗಿಂತ ಅಮ್ಮನ ಮಾತೇ ನಡೆಯುತ್ತಿತ್ತು. ಅಜ್ಜಿಯನ್ನು ಮನೆಗೆ ಕರೆತಂದ ದಿನವೇ ಅವಳು ನಮ್ಮನ್ನೆಲ್ಲ ಕೂರಿಸಿಕೊಂಡು ಹೇಳಿದಳು.

"ಇನ್ನು ಎರಡು ತಿಂಗಳಲ್ಲಿ ಇವರು ಎದ್ದು ಓಡಾಡ್ಬೇಕು. ಇಲ್ಲಾಂದ್ರೆ ಇದೇ ಮಂಚ, ಇದೇ ಬೆಡ್‌ಪ್ಯಾನು. ನಾನು ದಿನಾ ನೋಡ್ತೀನಿ ಅಂಥೋರನ್ನ. ಕೋಲು ಹಿಡ್ಕೊಂಡು ದಿನಾ ನಾಲ್ಕು ಸುತ್ತು ನಡೀಬೇಕು, ಅತ್ತೆ. ಕೇಳಿಸ್ತಾ?"

"ಗೋಡೆ ಹಿಡ್ಕೊಂಡು ನಡೀತೀನಿ. ಕೋಲು ಬ್ಯಾಡ," ಎಂದಳು ಅಜ್ಜಿ.

ಗೋಡೆ ಹಿಡಿದುಕೊಂಡರೆ ನಡುಮನೆಯಿಂದ ಅಡುಗೆಮನೆಯ ಬಾಗಿಲವರೆಗೆ ಹೋಗಬಹುದು. ಅಲ್ಲಿಗೆ ಗೋಡೆ ಮುಗಿಯುತ್ತಿತ್ತು. ಅಜ್ಜಿಗೆ ಹೋಗಬೇಕಾಗಿದ್ದದ್ದು ಅಡುಗೆಮನೆಗಲ್ಲ. ಅವಳಿಗೆ ಈಸ್ಟರ್ ದಿನ ಚರ್ಚಿಗೆ ಹೋಗಿ ಎಲ್ಲರ ಸಾಲಿನಲ್ಲಿ ನಿಂತು ಕರ್ತನ ಭೋಜನ ತೆಗೆದುಕೊಳ್ಳಬೇಕಾಗಿತ್ತು. ತಿಂಗಳಿಗೊಮ್ಮೆ ಆ ರೊಟ್ಟಿಯ ಚೂರು ಮತ್ತು ಗುಟುಕು ದ್ರಾಕ್ಷಾರಸಕ್ಕಾಗಿ ಅವಳು ಬೆಳಗ್ಗೆಯೇ ಸ್ನಾನ ಮಾಡಿ, ಬಿಳಿ ಸೀರೆ ಉಟ್ಟು, ಬಸ್ಸು ಹತ್ತುತ್ತಿದ್ದಳು. ಚರ್ಚಿನ ಅಯ್ಯನವರು ನೋಡಲು ಬಂದಾಗ, ನಡೆಯಲಾಗದವರಿಗೆ ಮನೆಗೇ ತಂದುಕೊಡುವ ಪದ್ಧತಿ ಇದೆ, ನಾನೇ ಬರುತ್ತೇನೆ ಎಂದರು. ಅಜ್ಜಿ ಕೈ ಮುಗಿದು ಬೇಡ ಎಂದಳು. ಅವರು ಹೋದ ಮೇಲೆ ಅಪ್ಪ ರೇಗಿದರು.

"ಅವ್ವ, ಅಷ್ಟು ದೊಡ್ಡೋರು ಮನೆಗೆ ಬಂದು ಕೊಡ್ತೀನಿ ಅಂದ್ರೆ ಬೇಡ ಅಂತೀಯಲ್ಲ."

"ಒಳಕ್ಕೆ ಬಿಡದೆ ಇದ್ದಲ್ಲಿಗೆ ತಂದು ಕೊಡೋದು ನಂಗೆ ಗೊತ್ತು ಕಣಪ್ಪ. ನಲವತ್ತು ವರ್ಷ ಹಂಗೇ ತಿಂದಿದ್ದೀನಿ. ಎಲ್ಲಾರೂ ನಿಂತ್ಕೊಳೋ ಸಾಲಲ್ಲಿ ನಿಂತ್ಕೊಂಡು ತಗೋತೀನಿ. ಇಲ್ಲಾಂದ್ರೆ ಬ್ಯಾಡವೇ ಬ್ಯಾಡ."

ಅಲ್ಲಿಗೆ ಪರಿಸ್ಥಿತಿ ಹೀಗಾಯಿತು: ಸಾಲಿನಲ್ಲಿ ನಿಲ್ಲಬೇಕಾದರೆ ನಡೆಯಬೇಕು, ನಡೆಯಬೇಕಾದರೆ ಕೋಲು ಬೇಕು, ಕೋಲು ಮಾತ್ರ ಅಜ್ಜಿ ಮುಟ್ಟುವುದಿಲ್ಲ. ಅಪ್ಪನಿಗೆ ಇದು ಒಳ್ಳೆಯ ಅವಕಾಶವಾಗಿ ಕಂಡಿತು. ದಿನಾ ಸಂಜೆ ಕಾರ್ಖಾನೆಯಿಂದ ಬಂದು, ಮುಖ ತೊಳೆದು, ಐದನೆಯ ಕೋಲನ್ನು ಮಡಿಲ ಮೇಲಿಟ್ಟುಕೊಂಡು ಅಜ್ಜಿಗೆ ಯಾಕೋಬನ ಕಥೆ ಹೇಳಿದರು. ಕುರುಬರ ಕಥೆ, ಆರೋನನ ಕಥೆ, ಊರಿನ ಹಿರಿಯರ ಕೈಯಲ್ಲಿ ಕೋಲು ಯಾಕಿರುತ್ತದೆ ಎಂಬ ಕಥೆ. ಅಜ್ಜಿ ಗೋಡೆಯ ಕಡೆ ತಿರುಗಿ ಮಲಗಿದಳು. ಅಮ್ಮ ಅಡುಗೆಮನೆಯಿಂದಲೇ ಹೇಳಿದಳು.

"ರೀ, ಬಂಡೆ ಹತ್ರ ಮಾತಾಡು ಅಂತ ತಾನೇ ಅಂದಿದ್ದು? ನೀವು ಪಾಠದಲ್ಲೇ ಹೊಡೀತಿದ್ದೀರಿ."

ಹಗಲು ಅಜ್ಜಿಯನ್ನು ನಡೆಸುವ ಕೆಲಸ ನನ್ನದು. ಸ್ಕೂಲಿನಿಂದ ಬಂದು, ಬ್ಯಾಗು ಬಿಸಾಡಿ, ಅವಳ ಕಂಕುಳಿಗೆ ಭುಜ ಕೊಟ್ಟು ಅಡುಗೆಮನೆಯ ಬಾಗಿಲವರೆಗೆ ಹೋಗಿ ಬರಬೇಕು. ಎರಡು ಸುತ್ತಿಗೆ ನನ್ನ ಭುಜ ಸೋಲುತ್ತಿತ್ತು. ಹೊರಗೆ ಖಾಲಿ ಸೈಟಿನಲ್ಲಿ ವಠಾರದ ಹುಡುಗಿಯರು ಕುಂಟೆಬಿಲ್ಲೆ ಆಡುವುದು ಕಿಟಕಿಯಿಂದ ಕಾಣುತ್ತಿತ್ತು. ಒಂದು ಮಧ್ಯಾಹ್ನ ನನಗೆ ತಾಳ್ಮೆ ಕೆಟ್ಟಿತು. ಮೂಲೆಯಿಂದ ಊರುಗೋಲು ತಂದು ಅವಳ ಕೈಗೆ ತುರುಕಿ, ಬೆರಳುಗಳನ್ನು ಹಿಡಿಯ ಸುತ್ತ ಬಲವಂತವಾಗಿ ಮಡಿಸಿದೆ. ಅಜ್ಜಿ ಅದನ್ನು ಎಸೆದಳು. ಅದು ಹೋಗಿ ನೀರಿನ ಬಿಂದಿಗೆಗೆ ಬಡಿದು ಬಿಂದಿಗೆ ಉರುಳಿತು. ನಮ್ಮ ಅಜ್ಜಿ ಅದುವರೆಗೆ ಒಂದು ಚಮಚ ಎಸೆದವಳಲ್ಲ. ನನಗೆ ಭಯವಾಗಿ ಅಳು ಬಂತು. ಅವಳು ಮಂಚದ ಮೇಲೆ ಕೂತು, ನನ್ನನ್ನು ಹತ್ತಿರ ಕರೆದು, ಸೆರಗಿನಿಂದ ನನ್ನ ಮೂಗು ಒರೆಸಿದಳು. ಆಮೇಲೆ ಹೇಳಿದಳು.

"ನಿಮ್ಮ ತಾತ ಊರ ತೋಟಿ. ಗೌಡ ಕರೆದ್ರೆ ಓಡಬೇಕು, ಸುದ್ದಿ ಸಾರಬೇಕು, ಹೊಲ ಕಾಯಬೇಕು. ಆ ಕೆಲಸಕ್ಕೆ ಅಂತ ಊರೋರು ಒಂದು ಕೋಲು ಕೊಟ್ಟಿದ್ರು. ಬೀದೀಲಿ ಹೋಗೋವಾಗ ಅದನ್ನ ನೆಲಕ್ಕೆ ಕುಟ್ಕೊಂಡು ಹೋಗ್ಬೇಕು, ತೋಟಿ ಬಂದ ಅಂತ ಜನ ಪಕ್ಕಕ್ಕೆ ಸರಿಯೋಕೆ. ಗೌಡನ ಮನೆಯೋರು ಎದುರಿಗೆ ಬಂದ್ರೆ ಕೋಲು ಕೆಳಗಿಟ್ಟು ನಿಂತ್ಕೋಬೇಕು. ನಾನು ಅದನ್ನ ಮನೆ ಒಳಕ್ಕೆ ತರೋಕೆ ಬಿಡ್ತಿರ್ಲಿಲ್ಲ. ಹೊರಗೆ ಸೂರಿನ ಕೆಳಗೇ ಇರ್ತಿತ್ತು."

"ಆಮೇಲೆ?"

"ಒಂದಿನ ನಿಮ್ಮಪ್ಪಂಗೆ ಜ್ವರ. ಮೂರು ವರ್ಷದ ಕೂಸು. ಹೆಗಲ ಮೇಲೆ ಹಾಕ್ಕೊಂಡು ಔಷಧಿಗೆ ಅಂತ ಹೊರಟ್ರು. ಗೌಡನ ತಮ್ಮ ಎದುರಾದ. ಒಂದು ಕೈಲಿ ಕೂಸು, ಒಂದು ಕೈಲಿ ಕೋಲು. ಬಗ್ಗಿದ್ರೆ ಕೂಸು ಬೀಳುತ್ತೆ. ಇವ್ರು ಬಗ್ಗಲಿಲ್ಲ. ಅವ್ನು ಆ ಕೋಲನ್ನೇ ಕಿತ್ಕೊಂಡು ಮಂಡಿ ಮೇಲೆ ಹೊಡ್ದ. ಬಿದ್ರೂ ಕೂಸು ಬಿಡಲಿಲ್ಲ ನಿಮ್ಮ ತಾತ. ಕಾಲು ಮಾತ್ರ ಸರಿಹೋಗಲಿಲ್ಲ. ಸಾಯೋವರ್ಗೂ ಅದೇ ಕೋಲು ಊರ್ಕೊಂಡು ಕುಂಟ್ಕೊಂಡು ಅದೇ ಕೆಲಸಕ್ಕೆ ಹೋದ್ರು."

ತಾತ ಮರದಿಂದ ಬಿದ್ದು ಕುಂಟರಾದರು ಎಂದು ಅಪ್ಪ ನನಗೆ ಹೇಳಿದ್ದರು. ಅಪ್ಪನಿಗೆ ಹಾಗೆ ಹೇಳಿದ್ದವಳು ಅಜ್ಜಿಯೇ.

"ನಿಮ್ಮಪ್ಪಂಗೆ ಹೇಳ್ಬೇಡ. ಅವನಿಗೆ ನೆನಪಿಲ್ಲ, ಇರೋದೂ ಬ್ಯಾಡ. ಕೋಲು ಅಂದ್ರೆ ಏನೋ ಸಂತೋಷ ಪಡ್ತಾನೆ. ಪಡ್ಲಿ."

ನಾನು ಆಣೆ ಮಾಡಿದೆ. ಆ ಆಣೆ ಉಳಿದದ್ದು ನಾಲ್ಕು ದಿನ. ನಾನು ಮುಂದೆ ಮೂವತ್ತು ವರ್ಷ ಸ್ಕೂಲ್ ಟೀಚರ್ ಆಗಿ ಕೆಲಸ ಮಾಡಿದೆ. ಹೊಟ್ಟೆಯಲ್ಲಿ ಮಾತು ನಿಲ್ಲದ ಈ ಸ್ವಭಾವಕ್ಕೆ ನಾಲ್ಕು ಸಲ ಟ್ರಾನ್ಸ್‌ಫರ್ ಆಗಿದ್ದೇನೆ, ಅದರ ಬಗ್ಗೆ ನನಗೆ ವಿಶೇಷ ಪಶ್ಚಾತ್ತಾಪವಿಲ್ಲ. ಆದರೆ ಅವತ್ತಿನ ಮಾತಿನ ಬಗ್ಗೆ ಈಗಲೂ ಎರಡು ಮನಸ್ಸಿದೆ. ಆ ನಾಲ್ಕು ದಿನ ನಾನು ಪುಟ್ಟಸ್ವಾಮಿ ಗೌಡರನ್ನು ಕಂಡರೆ ಮುಖ ತಿರುಗಿಸುತ್ತಿದ್ದೆ. ಪಾಪ, ಅವರು ಮಾಡಿದ್ದೇನೂ ಇರಲಿಲ್ಲ. ಅವರು ನೀರಿನ ಪಂಪು ನೋಡಲು ಬಂದಾಗಲೆಲ್ಲ ಅಜ್ಜಿ ನೋಯುವ ಸೊಂಟದಲ್ಲೇ ಮಂಚದಿಂದ ಏಳಲು ಹೆಣಗುತ್ತಿದ್ದಳು; ಅವರು ಗಾಬರಿಯಾಗಿ "ಕೂತ್ಕೊಳಿ ಅಜ್ಜಿ, ಕೂತ್ಕೊಳಿ" ಎನ್ನುತ್ತಿದ್ದರು. ಅದನ್ನು ನಾನು ಹಿಂದೆಯೂ ನೋಡಿದ್ದೆ. ಈಗ ಅದು ನೋಡಲಾಗದ ದೃಶ್ಯವಾಯಿತು.

ನಾಲ್ಕನೆಯ ದಿನ ಸಂಜೆ ಊಟಕ್ಕೆ ಕೂತಿದ್ದೆವು. ಮುದ್ದೆ, ಅವರೆಕಾಳಿನ ಸಾರು. ಅಜ್ಜಿಯ ತಟ್ಟೆ ಮಂಚದ ಮೇಲೆ. ಅಪ್ಪ ಮುದ್ದೆ ಮುರಿಯುತ್ತ ಮತ್ತೆ ಶುರು ಮಾಡಿದರು.

"ಅವ್ವ, ನೀನು ತಪ್ಪು ತಿಳ್ಕೊಂಡಿದ್ದೀಯ. ಕೋಲು ಹಿಡಿದವರು ಅಂದ್ರೆ ಆ ಕಾಲದಲ್ಲಿ ಎಂಥ ಗೌರವ ಗೊತ್ತಾ? ಎದುರಿಗೆ ಬಂದವರು..."

"ಎದುರಿಗೆ ಬಂದವರು ತಾತನ ಕೋಲು ಕಿತ್ಕೊಂಡು ತಾತಂಗೇ ಹೊಡೆದ್ರು," ಎಂದೆ ನಾನು. "ಮರದಿಂದ ಬಿದ್ದಿದ್ದಲ್ಲ. ನೀವು ಹೆಗಲ ಮೇಲಿದ್ರಿ."

ಉಳಿದದ್ದನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. ಅಪ್ಪ ಅಜ್ಜಿಯ ಕಡೆ ನೋಡಿದರು. ಅಜ್ಜಿ ತಟ್ಟೆಯ ಕಡೆ ನೋಡುತ್ತಿದ್ದಳು, ಇಲ್ಲ ಎನ್ನಲಿಲ್ಲ. ಅಪ್ಪ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿ, ಎದ್ದು, ಹಿತ್ತಲಿಗೆ ಹೋಗಿ ಕೈ ತೊಳೆದುಕೊಂಡರು. ತುಂಬ ಹೊತ್ತು ತೊಳೆದುಕೊಂಡರು. ಅಮ್ಮ ನನ್ನ ತಲೆಗೆ ಮೊಟಕಲಿಲ್ಲ, ಅದೇ ದೊಡ್ಡ ಸಂಗತಿ. ಬೆಳಗ್ಗೆ ನೋಡಿದರೆ ಮೂಲೆ ಖಾಲಿ. ಐದೂ ಕೋಲುಗಳನ್ನು ಅಪ್ಪ ಅಡುಗೆಮನೆಯ ಅಟ್ಟಕ್ಕೆ ಹಾಕಿದ್ದರು. ಗೋಡೆಯ ಮೇಲೆ ಅವು ಒರಗಿದ್ದ ಕಡೆ ಐದು ಎಣ್ಣೆಯ ಗೆರೆಗಳು ಉಳಿದಿದ್ದವು. ಅಜ್ಜಿ ನನ್ನೊಂದಿಗೆ ಮಾತು ಬಿಟ್ಟಳು. ನನ್ನ ಭುಜವನ್ನೂ ಬೇಡ ಎಂದಳು. ತಾನೊಬ್ಬಳೇ ಗೋಡೆ ಹಿಡಿದು ಎರಡು ಹೆಜ್ಜೆ ಹೋಗುವಳು, ಬರುವಳು, ಮಲಗುವಳು. ಅಮ್ಮ ಅವಳ ಬೆನ್ನಿಗೆ ಪೌಡರ್ ಹಾಕುತ್ತ ಹುಣ್ಣು ಎದ್ದಿದೆಯಾ ಎಂದು ಹುಡುಕುತ್ತಿದ್ದಳು. ಈಸ್ಟರಿಗೆ ಐದು ವಾರ ಉಳಿದಿತ್ತು.

ಸಂಡೇಸ್ಕೂಲಿನ ಪಾಠ ಮಾತ್ರ ನಿಲ್ಲಿಸುವಂತಿರಲಿಲ್ಲ. ಈಸ್ಟರಿಗೆ ಮುಂಚಿನ ಲೆಂಟ್ ವಾರಗಳಿಗೆ ಹನ್ನೆರಡು ಕೋಲಿನ ಪಾಠ ಎಂದು ಅಪ್ಪ ಮೊದಲೇ ಚರ್ಚಿನ ಬೋರ್ಡಿನಲ್ಲಿ ಬರೆದಾಗಿತ್ತು. ಅರಣ್ಯದಲ್ಲಿ ಹನ್ನೆರಡು ಕುಲದವರು ನಮ್ಮಲ್ಲಿ ಯಾರು ಮುಖ್ಯ ಎಂದು ಜಗಳವಾಡಿದಾಗ, ಕುಲಕ್ಕೊಂದು ಕೋಲು ತಂದು, ಮೇಲೆ ಹೆಸರು ಬರೆದು, ದೇವರ ಗುಡಾರದ ಒಳಗಿಟ್ಟರು. ಬೆಳಗ್ಗೆ ಮೋಶೆಯ ಅಣ್ಣ ಆರೋನನ ಕೋಲು ಒಂದೇ ಚಿಗುರಿತ್ತು, ಬಾದಾಮಿ ಹೂ ಬಿಟ್ಟಿತ್ತು. ಅಪ್ಪನ ಯೋಜನೆ ಏನೆಂದರೆ, ಸಂಡೇಸ್ಕೂಲಿನ ಹನ್ನೆರಡು ಮನೆಗಳಿಗೆ ಒಂದೊಂದು ಕೋಲು, ಒಂದೊಂದರ ಮೇಲೂ ಆ ಮನೆಯ ಹಿರಿಯರ ಹೆಸರು. ಅವನ್ನು ಯಜ್ಞವೇದಿಯ ಮುಂದೆ ಮರಳು ತುಂಬಿದ ಟಬ್ಬಿನಲ್ಲಿ ನಿಲ್ಲಿಸಿ ಬಟ್ಟೆ ಹೊದಿಸಿ ಮೂರು ವಾರ ಇಡುವುದು. ಕೊನೆಗೆ ಬಟ್ಟೆ ತೆಗೆದು, ನೋಡಿ ಮಕ್ಕಳೇ, ಕಡಿದ ಕೋಲು ತಾನಾಗಿ ಚಿಗುರುವುದಿಲ್ಲ, ಅದಕ್ಕೇ ಅದು ಅದ್ಭುತ ಎಂದು ಹೇಳುವುದು. ಗೌಡರು ಹಿತ್ತಲಿನ ಮರ ಸವರಿಸಿದ್ದರು. ನೇರವಾದ ಕೊಂಬೆಗಳ ಕಂತೆ ಬೇಲಿಯ ಪಕ್ಕ ಬಿದ್ದಿತ್ತು. ಅಪ್ಪ ಕೇಳಿದ್ದಕ್ಕೆ "ಅದೇನು ಸಾರ್, ಎಷ್ಟು ಬೇಕೋ ತಗೊಳ್ಳಿ" ಎಂದರು. ನೆಟ್ಟಗಿದ್ದವು ಹನ್ನೊಂದು ಸಿಕ್ಕವು. ಹನ್ನೆರಡನೆಯದಕ್ಕೆ ಅಪ್ಪ ಸ್ಟೂಲು ಹಾಕಿ ಅಟ್ಟಕ್ಕೆ ಕೈ ಹಾಕಿ ಕುರುಬನ ಬಿದಿರು ಕೋಲನ್ನು ಇಳಿಸಿದರು. ಅದು ನಮ್ಮ ಮನೆಯದ್ದು. ಹಿತ್ತಲ ಕಲ್ಲಿನ ಮೇಲೆ ಕೂತು ಸಣ್ಣ ಬ್ರಷ್ಷಿನಿಂದ ಬಿಳಿ ಬಣ್ಣದಲ್ಲಿ ಹೆಸರು ಬರೆಯುವಾಗ ಒಂದು ಸಲ ಒರೆಸಿ ಮತ್ತೆ ಬರೆದರು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಅಪ್ಪ ತಮ್ಮ ಹೆಸರು ಬರೆಯಲಿಲ್ಲ.

ಮೂರನೆಯ ವಾರ ಬಟ್ಟೆ ತೆಗೆದಾಗ ನಾನು ಎರಡನೆಯ ಬೆಂಚಿನಲ್ಲಿದ್ದೆ. ಮಕ್ಕಳಷ್ಟೇ ಅಲ್ಲ, ಅಪ್ಪ ಅಮ್ಮಂದಿರೂ ಬಂದಿದ್ದರು. ಕಡಿದ ಕೊಂಬೆಗಳೆಲ್ಲ ಚಿಗುರಿದ್ದವು. ಸಣ್ಣ ಸಣ್ಣ ಹಸಿರು ಎಲೆ, ಕೆಲವಕ್ಕೆ ಬೆರಳುದ್ದದ ಕುಡಿ. ಮರಳು ಹಾರಿ ನೆಲ ಹೊಲಸಾಗುತ್ತದೆ ಎಂದು ಚರ್ಚು ನೋಡಿಕೊಳ್ಳುತ್ತಿದ್ದ ದಾನಿಯೇಲಣ್ಣ ದಿನಾ ಒಂದು ಚೊಂಬು ನೀರು ಹಾಕಿದ್ದ. ಎಲ್ಲರ ಎದುರಿಗೇ ಕುಡಿದು ಬರುತ್ತಿದ್ದ ಒಬ್ಬರ ಮನೆಯ ಕೋಲಂತೂ ಎಲ್ಲಕ್ಕಿಂತ ಸೊಂಪಾಗಿತ್ತು. ಹನ್ನೊಂದರ ನಡುವೆ ನಮ್ಮ ಕಪ್ಪು ಬಿದಿರು ಹಾಗೇ ನಿಂತಿತ್ತು. ಅಪ್ಪ ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದರು. ಮೊದಲು ಹುಡುಗರು ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಚರ್ಚಿನ ಸೆಕ್ರೆಟರಿ ಕಣ್ಣೊರೆಸಿಕೊಳ್ಳುತ್ತ ಹೇಳಿದರು.

"ಏನ್ ಸಾರ್, ಎಲ್ಲರನ್ನೂ ದೇವರು ಆರಿಸ್ಕೊಂಡ, ನಿಮ್ಮನೆ ಒಂದು ಬಿಟ್ಟು."

ತಮಾಷೆಗೆ ಹೇಳಿದ ಮಾತು. ನನಗೆ ಆ ಮನುಷ್ಯನ ಕಾಲು ಒದೆಯಬೇಕೆನಿಸಿತು. ಬಸ್ಸಿನಲ್ಲಿ ಅಪ್ಪ ಕೋಲನ್ನು ಎರಡು ಕಾಲುಗಳ ನಡುವೆ ನಿಲ್ಲಿಸಿಕೊಂಡು, ಹೆಸರಿನ ಮೇಲೆ ಅಂಗೈ ಮುಚ್ಚಿ ಕೂತಿದ್ದರು. ವಠಾರದ ಗೇಟಿನಲ್ಲಿ ಗೌಡರು ಸಿಕ್ಕು ಏನಾಯಿತು ಎಂದು ಕೇಳಿದರು. ಕೇಳಿ ಅವರು ನಕ್ಕ ನಗು ನಮ್ಮ ನಡುಮನೆಗೂ ಕೇಳಿಸಿರಬೇಕು.

"ಅಯ್ಯೋ ಸಾರ್, ಅದು ನುಗ್ಗೆ. ಎಲ್ಲಿ ನೆಟ್ರೂ ಬರುತ್ತೆ. ಬೇಲಿಗೆ ಹಾಕೋದೂ ಅದನ್ನೇ. ನಿಮಗೆ ಗೊತ್ತಾಗ್ಲಿಲ್ವಾ?"

ಬಾದಾಮಿ ಮರದ ಬಗ್ಗೆ ಅರ್ಧ ಗಂಟೆ ಮಾತಾಡಬಲ್ಲ ನಮ್ಮಪ್ಪನಿಗೆ ಎಲೆ ಕಿತ್ತ ನುಗ್ಗೆ ಕೊಂಬೆ ಗೊತ್ತಾಗುತ್ತಿರಲಿಲ್ಲ. ಹಾಸ್ಟೆಲಿನಲ್ಲಿ ಅವರು ನುಗ್ಗೆಯನ್ನು ಸಾರಿನಲ್ಲಷ್ಟೇ ನೋಡಿದ್ದರು. ಅಮ್ಮ ಸೆರಗು ಬಾಯಿಗಿಟ್ಟುಕೊಂಡು ಅಡುಗೆಮನೆಗೆ ಹೋದಳು. ಅಪ್ಪ ಕೋಲನ್ನು ಹೊಸ್ತಿಲ ಆಚೆ, ಸೂರಿನ ಕೆಳಗೆ ಗೋಡೆಗೆ ಒರಗಿಸಿ, ಬೂಟೂ ಬಿಚ್ಚದೆ ಕುರ್ಚಿಯಲ್ಲಿ ಕೂತರು. ಅಜ್ಜಿ ಮಂಚದ ಮೇಲಿಂದ ಎಲ್ಲವನ್ನೂ ನೋಡುತ್ತಿದ್ದಳು.

"ಯಾಕಪ್ಪ ಹೊರಗಿಟ್ಟೆ ಅದನ್ನ?"

"ಇರ್ಲಿ ಬಿಡವ್ವ. ನೀನು ನೋಡೋದು ಬೇಡ ಅಂತ."

ಅಜ್ಜಿ ಬಾಗಿಲಾಚೆ ಆ ಕೋಲಿನ ಕಡೆ ನೋಡಿದಳು. ಆಮೇಲೆ, ಇಪ್ಪತ್ತು ದಿನಗಳಿಗಿಂತ ಹೆಚ್ಚು ಕಾಲ ನನ್ನ ಹೆಸರೆತ್ತದಿದ್ದವಳು, ಕರೆದಳು.

"ಏ ಕರುಣ. ಆ ಕೋಲು ಒಳಕ್ಕೆ ತಗೊಂಬಾ."

ತಂದು ಮಂಚದ ಮೇಲಿಟ್ಟೆ. ಅವಳು ಮುಟ್ಟಲಿಲ್ಲ, ಬಿಳಿ ಅಕ್ಷರಗಳ ಕಡೆ ಗದ್ದ ತೋರಿಸಿದಳು. ಅವಳಿಗೆ ಓದಲು ಬರುತ್ತಿರಲಿಲ್ಲ.

"ಏನು ಬರೆದವ್ನೆ?"

"ಚಿಕ್ಕಮುನಿಯಪ್ಪನವರು ಅಂತ. ತಾತನ ಹೆಸರು."

"ಅಪ್ಪನವರು ಅಂತ ಯಾರು ಕರೀತಿದ್ರು ಅವ್ರನ್ನ," ಎಂದಳು. ಮತ್ತೆ ಕೇಳಿದಳು, "ಎಲ್ಲಿಟ್ಟಿದ್ರು ಇದನ್ನ?"

"ಚರ್ಚಲ್ಲಿ. ಯಜ್ಞವೇದಿ ಮುಂದೆ."

"ಒಳಗಾ?"

"ಒಳಗೇ ಅಜ್ಜಿ. ಮೂರು ವಾರ."

ಅವಳು ಕೈ ಚಾಚಿ ಅಕ್ಷರಗಳ ಮೇಲೆ ಹೆಬ್ಬೆರಳು ಆಡಿಸಿದಳು. ಆಮೇಲೆ ಕೋಲನ್ನು ಎತ್ತಿ, ಎರಡೂ ಕೈಯಲ್ಲಿ ಹಿಡಿದು, ಮಂಡಿಗೆ ಅಡ್ಡವಾಗಿ ಒತ್ತಿ ನೋಡಿದಳು. ಅದು ಬಾಗಲಿಲ್ಲ.

"ಚಿಗುರಲಿಲ್ಲ ಅಂತ ಮೋರೆ ಯಾಕೆ ಹಂಗೆ ಇಟ್ಕೊಂಡಿದ್ದೀಯ," ಎಂದಳು ಅಪ್ಪನಿಗೆ. "ನುಗ್ಗೆ ಕೊಂಬೆ ಮೇಲೆ ಭಾರ ಬಿಟ್ರೆ ಲಟಕ್ ಅಂತ ಮುರಿಯುತ್ತೆ. ಎಳೇ ಮಕ್ಕಳಿಗೂ ಗೊತ್ತು. ಇದು ಚೆನ್ನಾಗಿ ಒಣಗೈತೆ. ಇದು ತಡೀತದೆ."

ಅಪ್ಪ ಕುರ್ಚಿಯಿಂದ ಏಳಲು ಹೋದರು. ಅಮ್ಮ ಅಡುಗೆಮನೆಯ ಬಾಗಿಲಿನಿಂದ ಕೈ ಸನ್ನೆ ಮಾಡಿ ಕೂರಿಸಿದಳು. ಅಜ್ಜಿ ಕೋಲನ್ನು ನೆಲಕ್ಕೆ ಊರಿ, ಎದ್ದಳು. ಗೋಡೆ ಮುಗಿಯುವ ಜಾಗ ದಾಟಿ ಹಿತ್ತಲ ಬಾಗಿಲವರೆಗೆ ಹೋದಳು, ತಿರುಗಿದಳು, ಬಂದಳು. ಮೂರನೆಯ ಸುತ್ತಿಗೆ ಅವಳ ಹಣೆಯಲ್ಲಿ ಬೆವರು ಬಂದಿತ್ತು, ನಾಲ್ಕನ್ನೂ ಮುಗಿಸಿದಳು. ನನ್ನ ಜೀವನದಲ್ಲಿ ಅಷ್ಟು ಸಂತೋಷವಾದ ದಿನಗಳು ಹೆಚ್ಚಿಲ್ಲ. ಮಾರನೆಯ ದಿನದಿಂದ ವಠಾರದ ಅಂಗಳ, ಆಮೇಲೆ ರಸ್ತೆಯ ತುದಿಯ ಹಾಲಿನ ಬೂತಿನವರೆಗೆ. ನಾನು ಪಕ್ಕದಲ್ಲೇ ಇರುತ್ತಿದ್ದೆ, ಆದರೆ ಭುಜ ಕೊಡುವ ಕೆಲಸ ಹೋಗಿತ್ತು. ಗೌಡರು ಎದುರಾದರೆ ಅಜ್ಜಿ ಕಿರುಗೇಟಿನ ಬಳಿ ಒಂದು ಕ್ಷಣ ತಡೆದು ನಿಲ್ಲುತ್ತಿದ್ದಳು. ಅವರು ಪಕ್ಕಕ್ಕೆ ಸರಿದು "ಬನ್ನಿ ಅಜ್ಜಿ, ಬನ್ನಿ" ಎನ್ನುತ್ತಿದ್ದರು. ಅವರಿಗೆ ಏನೂ ಗೊತ್ತಿರಲಿಲ್ಲ. ಆ ಕೋಲು ಈಗ ಜೆ.ಪಿ. ನಗರದ ನನ್ನ ಫ್ಲಾಟಿನ ಬಾಗಿಲ ಹಿಂದೆ ಇದೆ. ಹೆಸರಿನ ಬಣ್ಣ ಅಜ್ಜಿಯ ಅಂಗೈಗೆ ಉಜ್ಜಿ ಉಜ್ಜಿ ಅರ್ಧ ಹೋಗಿದೆ. ಮಂಡಿ ನೋವಿಗೆ ಡಾಕ್ಟರು ಬರೆದುಕೊಟ್ಟ ಅಲ್ಯೂಮಿನಿಯಂ ಕೋಲನ್ನು ನಾನು ಇನ್ನೂ ಕೊಂಡಿಲ್ಲ.

ಈಸ್ಟರ್ ಬೆಳಗ್ಗೆ ಅಜ್ಜಿ ಬಿಳಿ ಸೀರೆ ಉಟ್ಟಳು. ಬಸ್ಸು ಬೇಡ ಎಂದು ಅಮ್ಮ ಆಟೋ ಕರೆಸಿದಳು. ಚರ್ಚಿನ ಮೆಟ್ಟಿಲು ಐದು. ಐದನ್ನೂ ಅವಳೇ ಹತ್ತಿದಳು. ಭೋಜನದ ಹೊತ್ತಿಗೆ ಸಾಲು ಹೊರಟಾಗ ಮುಂದೆ ಅಜ್ಜಿ, ಹಿಂದೆ ಅಪ್ಪ, ಅವರ ಹಿಂದೆ ಅಮ್ಮ. ಭೋಜನ ತೆಗೆದುಕೊಳ್ಳಲು ಬೇಕಾದ ದೃಢೀಕರಣ ಇನ್ನೂ ಆಗಿರದ ನಾನು ಸಾಲಿಗೆ ಸೇರುವಂತಿರಲಿಲ್ಲ, ಬೆಂಚಿನ ತುದಿಯಲ್ಲಿ ನಿಂತು ನೋಡುತ್ತಿದ್ದೆ. ಚರ್ಚಿನಲ್ಲಿ ಕೋಲಿನ ಸದ್ದು ಮಾತ್ರ ಕೇಳುತ್ತಿತ್ತು. ಎಲ್ಲರೂ ಕಟಕಟೆಯ ಮುಂದೆ ಮೊಣಕಾಲೂರಿದರು. ಅಜ್ಜಿಗೆ ಮಂಡಿ ಮಡಿಸುವಂತಿರಲಿಲ್ಲ, ನಿಂತಳು. ರೊಟ್ಟಿಯನ್ನು ಎರಡು ಅಂಗೈಗಳನ್ನು ಒಂದರ ಮೇಲೊಂದಿಟ್ಟು ತೆಗೆದುಕೊಳ್ಳುವುದು ನಮ್ಮಲ್ಲಿ ಪದ್ಧತಿ. ದಾನಿಯೇಲಣ್ಣ ಒಳ್ಳೆಯ ಮನಸ್ಸಿನಿಂದಲೇ ಹತ್ತಿರ ಬಂದು ಬಗ್ಗಿ ಹೇಳಿದ. ಮೆಲ್ಲಗೇ ಹೇಳಿದ, ಆದರೆ ಅಷ್ಟು ನಿಶ್ಶಬ್ದದಲ್ಲಿ ನನಗೂ ಕೇಳಿಸಿತು.

"ಅಜ್ಜಿ, ಕೋಲು ಕೆಳಗಿಡಿ. ಎರಡೂ ಕೈ ಚಾಚ್ಬೇಕು."

"ಇಡಲ್ಲ ಕಣಪ್ಪ," ಎಂದಳು ಅಜ್ಜಿ. "ಒಂದೇ ಕೈಲಿ ತಗೋತೀನಿ."

ರೊಟ್ಟಿಯ ತಟ್ಟೆ ಹಿಡಿದಿದ್ದ ಅಯ್ಯನವರು ಕೋಲಿನ ಮೇಲಿದ್ದ ಅವಳ ಕೈಯನ್ನು ನೋಡಿದರು. ಪಕ್ಕದಲ್ಲಿ ಮೊಣಕಾಲೂರಿದ್ದ ಅಪ್ಪ ಎದ್ದು ನಿಂತರು. ಅಜ್ಜಿಯ ಚಾಚಿದ ಒಂದು ಅಂಗೈಯ ಕೆಳಗೆ ತಮ್ಮ ಅಂಗೈಯನ್ನು ಇಟ್ಟರು. ಕೈ ಎರಡಾಯಿತು. ಅಯ್ಯನವರು ರೊಟ್ಟಿ ಕೊಟ್ಟರು.